ಕಾಪುವಿನ ಸ್ಲ್ಯಾಬು, ಅಬುಧಾಬಿಯ ಕಣ್ಣು

ಆರೋಗ್ಯ ಶಿಕ್ಷಣದ ಕೆಲಸಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಿಮ್ಮ ಕಾಲದಲ್ಲಿ ಕೈಯಲ್ಲಿ ಫೋನ್ ಇರಲಿಲ್ಲ, ವಿಡಿಯೋ ಇರಲಿಲ್ಲ. ಜನರನ್ನು ಹೇಗೆ ರೀಚ್ ಆಗುತ್ತಿದ್ದಿರಿ?"

ಟು ಬಿ ಫ್ರಾಂಕ್, ಹೆಚ್ಚಿನ ದಿನ ರೀಚ್ ಆಗುತ್ತಲೇ ಇರಲಿಲ್ಲ. ಹಾಗೆಂದು ಹೇಳಿದರೆ ಪಾಪ, ಅವರ ಮುಖ ಸಣ್ಣದಾಗುತ್ತದೆ. ಹಾಗಾಗಿ ಚಹಾ ಕೊಟ್ಟು, ಏನೋ ಒಂದು ಒಳ್ಳೆಯ ಮಾತು ಹೇಳಿ ಕಳಿಸುತ್ತೇನೆ. ಚಹಾದ ಜೊತೆ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರ್ಕಳದ ಕಾನ್ವೆಂಟಿನಲ್ಲಿ ಕಲಿತವಳು. ನೆಟ್ಟಗೆ ಕೂರುವುದು, ಸ್ಪಷ್ಟವಾಗಿ ಮಾತಾಡುವುದು, ಯಾರ ಕಡೆಗೂ ಬೆರಳು ತೋರಿಸದಿರುವುದು ಸಿಸ್ಟರ್‌ಗಳು ಕಲಿಸಿದ ಪಾಠ. ಮಣಿಪಾಲದ ಒಂದು ಚಿಕ್ಕ ಆರೋಗ್ಯ ಶಿಕ್ಷಣ ಘಟಕದಲ್ಲಿ ಕೆಲಸ ಸಿಕ್ಕಿದಾಗ ಇಷ್ಟೇ ಸಾಕು ಎಂದುಕೊಂಡಿದ್ದೆ. ಸಾಲಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ದೊಡ್ಡ ಸಾಧನವೆಂದರೆ ಒಂದು ಜೀಪು ಮತ್ತು ಅದರ ತಲೆಯ ಮೇಲಿನ ಲೌಡ್‌ಸ್ಪೀಕರ್. ಮಲೇರಿಯಾ ಬಗ್ಗೆ ಕ್ಯಾಸೆಟ್ ಮಾಡಿಸುವಾಗ, ದನಿ ಚೆನ್ನಾಗಿದೆ ಎಂದು ಯಕ್ಷಗಾನದ ಪ್ರಚಾರಕ್ಕೆ ಹೋಗುವವರೊಬ್ಬರನ್ನು ಕರೆತಂದೆವು. ಅವರು ಓದಿದ್ದು ನಾವು ಬರೆದದ್ದನ್ನೇ, ಒಂದು ಶಬ್ದವನ್ನೂ ಬದಲಿಸಲಿಲ್ಲ. ಆದರೆ ಪೆರ್ಡೂರಿನ ಕಡೆ ಜೀಪು ಹೋಗಿ ಬಂದ ದಿನ, ಸಂಜೆ ನಾವು ಸ್ಲೈಡ್ ತೋರಿಸಬೇಕಾಗಿದ್ದ ಶಾಲೆಯ ಮೈದಾನಕ್ಕೆ ಜನ ಚಾಪೆ, ಶಾಲು, ಫ್ಲಾಸ್ಕು ಹಿಡಿದುಕೊಂಡು ಬಂದರು. ಒಬ್ಬ ಅಜ್ಜ ಮುಂದಿನ ಸಾಲಿನಲ್ಲೇ ಚಾಪೆ ಬಿಡಿಸಿ, "ರಂಗಸ್ಥಳ ಇನ್ನೂ ಕಟ್ಟಲಿಲ್ವಾ?" ಎಂದು ಕೇಳಿದರು.

"ಇವತ್ತು ಆಟ ಇಲ್ಲ ಅಜ್ಜ. ಮಲೇರಿಯಾ."

"ಹೌದಾ. ಹೊಸ ಪ್ರಸಂಗವಾ? ಯಾವ ಮೇಳದ್ದು?"

ನಗು ತಡೆಯಲಾಗಲಿಲ್ಲ. ಆದರೂ ಚಾಪೆ ಬಿಡಿಸಿದವರು ಮಡಚಲಿಲ್ಲ, ಕೊನೆಯ ಸ್ಲೈಡಿನ ತನಕ ಕುಳಿತರು. ಶಬ್ದ ಕಿವಿಗೆ ಬೀಳುವ ಮೊದಲೇ ದನಿ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿ.

ನಮ್ಮ ಡೈರೆಕ್ಟರ್ ಒಬ್ಬ ಡಾಕ್ಟರ್. ತೆಳ್ಳಗಿನ, ಸಿಡುಕಿನ ಮನುಷ್ಯ. ಹೊಸತು ಎಂದರೆ ಮಾತ್ರ ಮಕ್ಕಳ ಹಾಗೆ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲಕ್ಕೆ, ಯಾವುದೋ ಕಾನ್ಫರೆನ್ಸಿನಿಂದ ಬಂದವರು ಬ್ಯಾಗು ಕೆಳಗಿಡುವ ಮೊದಲೇ ಹೇಳಿದರು: "ಐರಿನ್, ಇನ್ನು ಜೀಪು ಬೇಡ. ಎವ್ರಿಥಿಂಗ್ ಆನ್‌ಲೈನ್!"

ಆನ್‌ಲೈನ್ ಮಾಡಲು ಶಾಲಿನಿ ಬಂದಳು. ಪರ್ಕಳದಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಅದಕ್ಕೆ ಮೊದಲು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದವಳು. ಮೊದಲ ವಾರವೇ ನನಗೆ ಹೇಳಿದಳು: "ಮೇಡಂ, ಬೇಸರ ಮಾಡ್ಬೇಡಿ. ನೀವು ಬರೆಯುವುದು ಪಂಚಾಯತ್ ನೋಟಿಸಿನ ಹಾಗೆ ಉಂಟು. ಇದನ್ನು ಓದಿದರೆ ಸೊಳ್ಳೆಗೂ ನಿದ್ದೆ ಬರ್ತದೆ."

ಆಗ ಒಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಇನ್ನೊಂದರಲ್ಲಿ ತೆರೆದರೆ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು. ಅದಕ್ಕೆ ಶಾಲಿನಿ ಇಡೀ ಪುಟವನ್ನೇ ಚಿತ್ರ ಮಾಡಿ ಹಾಕುತ್ತಿದ್ದಳು. ಅದು ಮೇಲಿನಿಂದ ಕೆಳಕ್ಕೆ, ಅಂಗಡಿಯ ಶಟರ್ ಇಳಿದ ಹಾಗೆ ನಿಧಾನಕ್ಕೆ ಕಾಣಿಸಿಕೊಳ್ಳಬೇಕು. 'ಕೈ ತೊಳೆಯಿರಿ' ಎಂಬ ತಲೆಬರಹ ಬಂದು, ಯಾಕೆ ತೊಳೆಯಬೇಕು ಎಂಬುದು ಬರುವಷ್ಟರಲ್ಲಿ ನಾವು ಕ್ಯಾಂಟೀನಿಗೆ ಹೋಗಿ ಬರಬಹುದಿತ್ತು.

ಪುಟದ ಅಡಿಯಲ್ಲಿ ಎಷ್ಟು ಜನ ನೋಡಿದರೆಂದು ತೋರಿಸುವ ಒಂದು ಕೌಂಟರ್ ಇತ್ತು. ಡೈರೆಕ್ಟರ್ ಬೆಳಿಗ್ಗೆ ಬಂದವರು ಗುಡ್ ಮಾರ್ನಿಂಗ್ ಹೇಳದೆ, "ಕೌಂಟರ್ ಎಷ್ಟಾಯಿತು?" ಎನ್ನುವರು. ಅದು ದಿನಾ ಸ್ವಲ್ಪ ಏರುತ್ತಿತ್ತು, ಏಕೆಂದರೆ ಅವರು ಒಮ್ಮೆ ತೆರೆಯುತ್ತಿದ್ದರು, ಶಾಲಿನಿ ಒಮ್ಮೆ, ನಾನು ಒಮ್ಮೆ.

ಜನ ಬರದಿದ್ದರೆ ನಾವೇ ಜನರ ಬಳಿಗೆ ಹೋಗೋಣವೆಂದು ಕಾರ್ಕಳದ ಒಂದು ಸೈಬರ್ ಕೆಫೆಗೆ ಮಹಿಳಾ ಮಂಡಳಿಯವರನ್ನು ಕರೆದೆ. ವಾಂತಿಭೇದಿ ತಡೆಯುವ ಪುಟ ಅರ್ಧ ಇಳಿಯುತ್ತಿರುವಾಗಲೇ ಒಬ್ಬಳು ಕೇಳಿದಳು: "ಮೇಡಂ, ನಮ್ಮ ಇವರು ಮಸ್ಕತ್ತಿನಲ್ಲಿದ್ದಾರೆ. ಇದರಲ್ಲಿ ಕಾಣ್ತಾರಾ?" ಅಂಗಡಿಯವರು ಹುಮ್ಮಸ್ಸಿನಲ್ಲಿ ಕ್ಯಾಮೆರಾ ಹಚ್ಚಿದರು. ಎಲ್ಲರೂ ಆ ಪರದೆಯ ಮುಂದೆ. ನನ್ನ ವಾಂತಿಭೇದಿ ಒಬ್ಬಂಟಿಯಾಗಿ ಇಳಿಯುತ್ತಲೇ ಇತ್ತು. ಜನ ಇಂಟರ್‌ನೆಟ್ಟಿಗೆ ಬರುವುದು ತಮ್ಮವರನ್ನು, ತಮ್ಮದನ್ನು ನೋಡಲು ಎಂಬುದು ಆ ದಿನವೇ ನನಗೆ ಹೊಳೆಯಬಹುದಿತ್ತು. ಹೊಳೆಯಲಿಲ್ಲ, ಬೇಸರ ಮಾತ್ರ ಬಂತು.

ಆ ವರ್ಷಗಳಲ್ಲಿ ನಮ್ಮ ಕಡೆ ಮಲೇರಿಯಾ ಹಬ್ಬುತ್ತಿದ್ದದ್ದು ಹೆಚ್ಚಾಗಿ ಕಟ್ಟುತ್ತಿರುವ ಮನೆಗಳಿಂದ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದ ಮೇಲೆ ಅದು ಬಿರುಕು ಬಿಡಬಾರದೆಂದು ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗುವವರು ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದ ಕುಟುಂಬಗಳು. ಮೊದಲು ಕಚ್ಚಿಸಿಕೊಳ್ಳುವವರು ಅವರೇ.

ಕಾಪುವಿನಿಂದ ಇನ್ನಂಜೆಗೆ ಹೋಗುವ ದಾರಿಯಲ್ಲಿ ಅಂಥ ಒಂದು ಮನೆ ಏಳುತ್ತಿತ್ತು. ಮಾಲೀಕರು ಅಬುಧಾಬಿಯಲ್ಲಿ. ಸೈಟು ಕಾಯುತ್ತಿದ್ದವನು ಗದಗದ ಕಡೆಯ ಯಮನಪ್ಪ. ಜೊತೆಗೆ ಹೆಂಡತಿ ರೇಣವ್ವ, ಐದು ತಿಂಗಳ ಬಸುರಿ. ನಾನು ಹೋದಾಗ ಆಕೆ ಮಧ್ಯಾಹ್ನದ ಬಿಸಿಲಿನಲ್ಲಿ ಕೌದಿ ಹೊದ್ದು ಕೂತಿದ್ದಳು.

"ದಿನಾ ಜ್ವರ ಬರುತ್ತದಾ?"

"ದಿನಾ ಬರಂಗಿಲ್ರಿ. ಒಂದಿನಾ ಬಿಟ್ಟು ಒಂದಿನಾ. ಬಂತಂದ್ರ ಕೌದಿ ಮ್ಯಾಲ ಕೌದಿ ಹಾಕಿದ್ರೂ ಹಲ್ಲು ಕಟಕಟ ಅಂತಾವು."

ರಕ್ತದ ಹನಿ ತೆಗೆದು ಗಾಜಿನ ಮೇಲೆ ಸವರಿಕೊಂಡು, ಸ್ಲ್ಯಾಬು ನೋಡಲು ಏಣಿ ಹತ್ತಿದೆ. ಯಮನಪ್ಪ ಹಿಂದೆಯೇ ಬಂದ. ನೀರು ಅಂಚಿನ ತನಕ ತುಂಬಿತ್ತು. ಅದರಲ್ಲಿ ಕೊಕ್ಕೆಯ ಹಾಗೆ ಬಾಗಿ ಬಾಗಿ ಈಜುವ ಮರಿಗಳು.

"ಸಾಹುಕಾರ್ರು ಫೋನಿನ್ಯಾಗ ಹೇಳ್ಯಾರ್ರಿ, ಸ್ಲ್ಯಾಬ್ ಒಣಗಿಸಬ್ಯಾಡಾ ಅಂತ," ಎಂದ ಆತ ಹೆಮ್ಮೆಯಿಂದ. "ಒಂದು ಹನಿ ಕಡಿಮಿ ಆಗಾಕ ಬಿಟ್ಟಿಲ್ಲ ನೋಡ್ರಿ ಅಕ್ಕಾರ."

"ಈ ಮರಿಗಳು ಯಾವುದೆಂದು ಗೊತ್ತಾ?"

"ಕಪ್ಪಿ ಮರಿ ಇರಬೇಕ್ರಿ."

ಅವೇ ದೊಡ್ಡದಾಗಿ ರಾತ್ರಿ ಕಚ್ಚುತ್ತವೆ ಎಂದಾಗ ಆತ ನೀರನ್ನು ಬಹಳ ಹೊತ್ತು ನೋಡಿದ. ಚೆಲ್ಲು ಎಂದರೆ ಚೆಲ್ಲಲಾರ. ಕಂಟ್ರಾಕ್ಟರ್ ವಿಠಲ ಹೇಳಬೇಕು, ವಿಠಲನಿಗೆ ಅಬುಧಾಬಿಯಿಂದ ಹೇಳಬೇಕು.

ರೇಣವ್ವನ ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಚಿಕಿತ್ಸೆ ಶುರುವಾಯಿತು. ಆಕೆಗೆ ಬಂದ ಬಗೆ ಒಮ್ಮೆ ಇಳಿದರೂ ಒಳಗೆ ಅಡಗಿ ಕುಳಿತು ಮತ್ತೆ ಏಳುವಂಥದ್ದು. ಅದನ್ನು ಬೇರುಸಮೇತ ಕೀಳುವ ಮಾತ್ರೆಯನ್ನು ಬಸುರಿಗೆ ಕೊಡುವಂತಿಲ್ಲ. ಹೆರಿಗೆಯ ತನಕ ಯಾರಾದರೂ ಆಕೆಯ ಮೇಲೆ ಕಣ್ಣಿಟ್ಟಿರಲೇಬೇಕು; ಇಲ್ಲದಿದ್ದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ.

ಆ ದಿನ ನಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಸ್ಲ್ಯಾಬಿನ ಫೋಟೋ ತೆಗೆದಿದ್ದೆ. ಶಾಲಿನಿ ಮತ್ತು ನಾನು ಬಹಳ ಜಾಗ್ರತೆಯಿಂದ ಅದರಲ್ಲಿದ್ದ ಯಮನಪ್ಪನನ್ನು ಕತ್ತರಿಸಿದೆವು, ಒಣಗಲು ಹಾಕಿದ್ದ ಸೀರೆಯನ್ನೂ ಅಳಿಸಿದೆವು. ಯಾರಿಗೂ ಯಾರೆಂದು ತಿಳಿಯಬಾರದಲ್ಲ. ಆಮೇಲೆ ನೀರಿನ ಸುತ್ತ ಕೆಂಪು ವೃತ್ತ ಎಳೆದು, 'ಮನೆ ಕಟ್ಟುವವರೇ, ಹೀಗೆ ಮಾಡಬೇಡಿ' ಎಂದು ಬರೆದು ನಮ್ಮ ವೆಬ್‌ಸೈಟಿಗೆ ಏರಿಸಿದೆವು. ಮನೆ ಹಾಗೇ ಉಳಿಯಿತು. ಮನೆಗೆ ಮುಖ ಇರುತ್ತದೆ ಎಂದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಡೈರೆಕ್ಟರ್ ಓಡಿಕೊಂಡೇ ಬಂದರು. "ಐರಿನ್, ಶಾಲಿನಿ, ಕೌಂಟರ್ ನೋಡಿ! ಅವೇರ್‌ನೆಸ್ ಅಂದರೆ ಇದು!" ಕೌಂಟರ್ ನಿಜಕ್ಕೂ ಗಿರಗಿರ ಏರಿತ್ತು. ಯಾಕೆ ಎಂದು ಹೇಳಲು ಅಷ್ಟರಲ್ಲೇ ಫೋನ್ ಹೊಡೆದುಕೊಂಡಿತು.

"ಹಲೋ, ನಾನು ಸುಧಾಕರ, ಅಬುಧಾಬಿಯಿಂದ. ನನ್ನ ಮನೆಯನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ನೀವೇ ಅಲ್ವಾ?"

"ಅದು ನಿಮ್ಮ ಮನೆ ಎಂದು ಹೇಗೆ..."

"ಹೇಗೆ ಅಂದರೆ? ಆ ಅರ್ಧಚಂದ್ರದ ಬಾಲ್ಕನಿ ನಾನೇ ಡ್ರಾಯಿಂಗ್ ಮಾಡಿ ಕಳಿಸಿದ್ದು ಮಾರಾಯ್ರೆ! ಕಾಪುವಿನಲ್ಲಿ ಅಂಥದ್ದು ಇನ್ನೊಂದು ಎಲ್ಲಿ ಉಂಟು? ಇಲ್ಲಿ ನಮ್ಮ ರೂಮಿನವರು ಊರಿನ ಸುದ್ದಿ ಹುಡುಕುವಾಗ ಕಂಡು ಎಲ್ಲರಿಗೂ ಇಮೇಲ್ ಮಾಡಿಬಿಟ್ಟಿದ್ದಾರೆ. 'ಸುಧಾಕರಣ್ಣನ ಮನೆ ಒಕ್ಕಲಿಗೆ ಸೊಳ್ಳೆಗಳು ಮೊದಲೇ ಬಂದು ಕೂತಿವೆ' ಅಂತ ನೆಗಾಡ್ತಾರೆ. ನನಗೆ ಮೆಸ್ಸಿಗೆ ಊಟಕ್ಕೆ ಹೋಗ್ಲಿಕ್ಕೆ ಮುಖ ಇಲ್ಲ!"

ಫೋಟೋ ಈಗಲೇ ಅಲ್ಲಿಂದ ತೆಗೆಸುತ್ತೇನೆ ಎಂದೆ. ಶಾಲಿನಿ ಆಗಲೇ ತೆಗೆಯುತ್ತಿದ್ದಳು. ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಹೇಳಿದರು: "ಆ ವಾಚ್‌ಮ್ಯಾನನ್ನು ಇವತ್ತೇ ಬಿಡಿಸ್ಲಿಕ್ಕೆ ವಿಠಲನಿಗೆ ಹೇಳಿ ಆಯಿತು. ಮನೆ ನೋಡಿಕೋ ಅಂದರೆ ಗಲೀಜು ಮಾಡಿಟ್ಟಿದ್ದಾನೆ."

ಸಿಕ್ಕಿದ ಬಸ್ಸು ಹತ್ತಿ ಕಾಪುವಿಗೆ ಹೋದೆ. ಯಮನಪ್ಪ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದ. ರೇಣವ್ವ ಒಲೆಯ ಕಲ್ಲಿನ ಮೇಲೆ ಕೂತಿದ್ದಳು. ವಿಠಲ ಬೈಕಿಗೆ ಒರಗಿ ನಿಂತಿದ್ದ.

"ಓನರ್ ಆರ್ಡರ್ ಮೇಡಂ. ನಾನು ಎಂತ ಮಾಡುವುದು?" ಎಂದ. "ನಿಮ್ಮ ಫೋಟೋದಿಂದ ನನಗೂ ಸರೀ ಬೈಗುಳ ಸಿಕ್ಕಿತು. ಪ್ಲಾಸ್ಟರಿಂಗ್ ಮುಗಿಯಿತು ಅಂತ ಹೇಳಿದ್ದೆ. ಫೋಟೋದಲ್ಲಿ ಇಟ್ಟಿಗೆ ಕಾಣ್ತಾ ಉಂಟು."

"ಎಲ್ಲಿಗೆ ಹೋಗುತ್ತೀರಿ?" ಎಂದು ಯಮನಪ್ಪನನ್ನು ಕೇಳಿದೆ.

"ಎಲ್ಲಿ ಕೆಲಸ ಐತೋ ಅಲ್ಲಿಗೆ ಹೋಗೂದ್ರಿ. ಮಣಿಪಾಲದ ಕಡೆ ಯಾವುದೋ ಬಿಲ್ಡಿಂಗ್ ಐತಂತ."

"ಅಲ್ಲಿ ಇವಳಿಗೆ ಜ್ವರ ತಿರುಗಿ ಬಂದರೆ?"

ಆತ ಇನ್ನೊಂದು ಪಾತ್ರೆಯನ್ನು ಗೋಣಿಗೆ ತುರುಕಿದ. ರೇಣವ್ವನೇ ಹೇಳಿದಳು: "ಅಕ್ಕಾರ, ಅಲ್ಲೂ ಸ್ಲ್ಯಾಬ್ ಇರ್ತೈತಲ್ರಿ. ನೀರೂ ಇರ್ತೈತಿ. ನೀವೊಬ್ರು ಇರಂಗಿಲ್ಲ, ಅಷ್ಟ."

ಸೈಟು ಬದಲಾದರೆ ಇವರನ್ನು ಮತ್ತೆ ಹುಡುಕುವುದು ಆಗದ ಮಾತು. ಹಾಗೆ ಕಳೆದುಹೋದ ಎಷ್ಟೋ ರೋಗಿಗಳನ್ನು ಕಂಡಿದ್ದೆ. "ವಿಠಲ, ಸಂಜೆಯ ತನಕ ನಿಲ್ಲಿಸಪ್ಪ. ನಾನು ಅವರ ಹತ್ತಿರ ಮಾತಾಡುತ್ತೇನೆ," ಎಂದೆ.

"ಸಂಜೆಯ ತನಕ ಗೋಣಿಗೆ ಹಗ್ಗ ಸಿಕ್ಕಲಿಲ್ಲ ಅಂತ ಹೇಳ್ತೇನೆ," ಎಂದ ವಿಠಲ. "ಅದರ ಮೇಲೆ ನನಗೆ ಸುಳ್ಳು ಬರುವುದಿಲ್ಲ." ಪ್ಲಾಸ್ಟರಿಂಗ್ ವಿಷಯ ನೆನಪಿದ್ದರೂ ನಾನು ಬಾಯಿ ತೆರೆಯಲಿಲ್ಲ.

ನಮ್ಮ ಆಫೀಸಿನ ಫೋನಿಗೆ ವಿದೇಶದ ಕಾಲ್ ಹೋಗದ ಹಾಗೆ ಲಾಕ್ ಇತ್ತು. ಅದರ ಕೋಡ್ ಡೈರೆಕ್ಟರ್ ಒಬ್ಬರಿಗೇ ಗೊತ್ತು. ಅವರ ಮುಂದೆ ನಿಂತೆ.

"ಐರಿನ್, ಫೋಟೋ ತೆಗೆದುಹಾಕಿದೆವು, ಸಾರಿ ಹೇಳಿದೆವು. ಮ್ಯಾಟರ್ ಕ್ಲೋಸ್ಡ್. ಮನೆ ಮಾಲೀಕರ ಜಗಳದಲ್ಲಿ ನಮಗೇನು ಕೆಲಸ?"

"ಸಾರ್, ಫೋಟೋ ಮಾತ್ರ ಹೋಯಿತು. ನೀರು ಅಲ್ಲೇ ಉಂಟು. ಬಸುರಿ ಹೊರಟು ನಿಂತಿದ್ದಾಳೆ."

ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆಮೇಲೆ ಕುರ್ಚಿಯಿಂದ ಎದ್ದು, ನನಗೆ ಕಾಣದ ಹಾಗೆ ಫೋನಿಗೆ ಬೆನ್ನು ಅಡ್ಡ ಹಿಡಿದು ಕೋಡ್ ಒತ್ತಿ, "ಬೇಗ ಮುಗಿಸಿ. ಬೈದರೆ ಬೈಸಿಕೊಳ್ಳಿ," ಎಂದು ಹೊರಗೆ ಹೋದರು. ಅವರ ಕೈಕೆಳಗೆ ಅಷ್ಟು ವರ್ಷ ದುಡಿದೆ. ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಬೆನ್ನು.

ಸುಧಾಕರ ಬೈದರು. ಮುಗಿಯುವ ತನಕ ಕಾದೆ.

"ಸುಧಾಕರ್ ಅವರೇ, ಸ್ಲ್ಯಾಬ್ ಒಣಗಿಸಬೇಡ ಎಂದು ಹೇಳಿದ್ದು ಯಾರು?"

"ನಾನೇ. ಬಿರುಕು ಬಂದರೆ?"

"ಆತ ನೀವು ಹೇಳಿದ್ದನ್ನೇ ಮಾಡಿದ್ದು. ಒಂದು ಹನಿ ಕಡಿಮೆ ಮಾಡಲಿಲ್ಲ. ಇಷ್ಟು ನಿಯತ್ತಿನವರನ್ನು ಬಿಡಿಸಿದರೆ ಮುಂದಿನವನು ನೀರೂ ಹಾಕುವುದಿಲ್ಲ, ನಿಮ್ಮ ಸಿಮೆಂಟನ್ನೂ ಕಾಯುವುದಿಲ್ಲ."

ನಾನು ರೇಣವ್ವನ ವಿಷಯ ಹೇಳಿದೆ. ಬಸುರಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಾಚ್‌ಮ್ಯಾನಿಗೆ ಹೆಂಡತಿ ಇದ್ದಾಳೆ ಎಂಬುದೇ ಗೊತ್ತಿರಲಿಲ್ಲ.

"ಹಾಗಾದರೆ ಸ್ಲ್ಯಾಬಿಗೆ ಎಂತ ಮಾಡುವುದು ಮೇಡಂ?" ಸ್ವರ ಇಳಿದಿತ್ತು.

"ವಾರಕ್ಕೊಮ್ಮೆ ನೀರು ಪೂರ್ತಿ ಹೊರಗೆ ಬಿಟ್ಟು, ಗುಡಿಸಿ, ಮತ್ತೆ ತುಂಬಿಸಲಿ. ಮರಿ ಸೊಳ್ಳೆಯಾಗುವ ಮೊದಲೇ ಹೋಗುತ್ತದೆ. ಇಲ್ಲವೇ ಒದ್ದೆ ಗೋಣಿ ಹೊದಿಸಲಿ. ಬಿರುಕು ಬರುವುದಿಲ್ಲ."

"ಮಾಡ್ತಾರೆ ಅಂತ ನನಗೆ ಹೇಗೆ ಗೊತ್ತಾಗುವುದು? ವಿಠಲ ಪ್ಲಾಸ್ಟರಿಂಗ್ ಆಯಿತು ಅಂತಲೂ ಹೇಳಿದ್ದ."

ನಾನು ಯೋಚಿಸುತ್ತಿರುವಾಗ ಅವರೇ ಹೇಳಿದರು: "ವಾರಕ್ಕೊಂದು ಫೋಟೋ ಹಾಕಿ. ನೀರು ಬಿಟ್ಟ ಮೇಲಿನದ್ದು. ಹಾಕ್ತೀರಿ ಅಂದರೆ ಅವರು ಇರಲಿ, ಹೆರಿಗೆ ಆಗುವ ತನಕ. ಈ ರೂಮಿನವರೂ ಒಮ್ಮೆ ನೋಡಲಿ, ನನ್ನ ಮನೆ ಎಷ್ಟು ಕ್ಲೀನ್ ಉಂಟು ಅಂತ!"

ಫೋನ್ ಇಟ್ಟ ಕೂಡಲೇ ಮತ್ತೆ ಕಾಪುವಿನ ಬಸ್ಸು ಹತ್ತಿದೆ. ಥ್ಯಾಂಕ್ ಗಾಡ್, ಗೋಣಿಗೆ ಅಷ್ಟು ಹೊತ್ತಿಗೂ ಹಗ್ಗ ಸಿಕ್ಕಿರಲಿಲ್ಲ.

ಹೀಗೆ ನಮ್ಮ ವೆಬ್‌ಸೈಟಿನಲ್ಲಿ 'ಈ ವಾರದ ಮನೆ' ಶುರುವಾಯಿತು. ಅದಕ್ಕೆ ಹೆಸರಿಟ್ಟವಳು ಶಾಲಿನಿ. ಒಣಗಿದ ಸ್ಲ್ಯಾಬಿನ ಫೋಟೋ, ಕೆಳಗೆ ಮಲೇರಿಯಾದ ಬಗ್ಗೆ ನಾಲ್ಕೇ ಸಾಲು. ಫೋಟೋ ಮೇಲಿನಿಂದ ಇಳಿಯುವ ತನಕ ಜನ ಕಾಯುತ್ತಿದ್ದರಂತೆ. ಬಾಲ್ಕನಿ ಬಂತು, ಕಿಟಕಿ ಬಂತು ಎಂದು. ಆಮೇಲೆ ಇಮೇಲ್‌ಗಳು: ನಮ್ಮ ಮನೆಯನ್ನೂ ಹಾಕಿ, ಕಾರ್ಕಳದ ಹತ್ತಿರ ಉಂಟು, ನಮ್ಮದೂ ಹಾಕಿ, ಉಡುಪಿಯಲ್ಲಿ ಉಂಟು. ಊರಿಗೆ ಬರಲು ರಜೆ ಸಿಗದವರು, ತಮ್ಮ ಮನೆ ಏಳುವುದನ್ನು ನಮ್ಮ ಸೊಳ್ಳೆಯ ಪುಟದಲ್ಲಿ ನೋಡುತ್ತಿದ್ದರು. ನೋಡಿದ ಮೇಲೆ ಊರಿಗೆ ಫೋನ್ ಮಾಡಿ ಹೆಂಡತಿಯರಿಗೆ, ಮೇಸ್ತ್ರಿಗಳಿಗೆ ಕೇಳುತ್ತಿದ್ದರು: ಈ ವಾರ ನೀರು ಬಿಟ್ಟಿರಾ? ಟ್ಯಾಂಕಿಗೆ ಮುಚ್ಚಳ ಉಂಟಾ? ಜೀಪು ಹೋಗದ ಮನೆಯೊಳಗೆ ನಮ್ಮ ಪಾಠ ಹೀಗೆ ಅಬುಧಾಬಿ ಸುತ್ತಿ ಬಂದು ಹೊಕ್ಕಿತು. ಇದು ನಾನು ಪ್ಲಾನ್ ಮಾಡಿದ್ದಲ್ಲ. ಹೊಸಬರು ದಯವಿಟ್ಟು ಗಮನಿಸಿ, ಒಳ್ಳೆಯ ಕೆಲಸಗಳಲ್ಲಿ ಅರ್ಧದಷ್ಟು ಹೀಗೇ ಆಗುವುದು.

ಕಂಟ್ರಾಕ್ಟರುಗಳಿಗೆ ಮಾತ್ರ ನಾವು ಕಣ್ಣಿನ ಕಸ. ಒಬ್ಬ ಮಾಲೀಕರು ಫೋಟೋದಲ್ಲಿ ಕಿಟಕಿ ಎಣಿಸಿ, ಒಂದು ಕಡಿಮೆ ಎಂದು ಹಿಡಿದಿದ್ದರು. "ಮೇಡಂ, ನೀವು ಆರೋಗ್ಯದವರಾ, ಸಿಐಡಿಯವರಾ?" ಎಂದು ವಿಠಲ ಕೇಳುತ್ತಿದ್ದ. ಆದರೂ ವಾರದ ದಿನ ಬಂದಾಗ ಅವನೇ ಪೊರಕೆ ಹಿಡಿದು ಸ್ಲ್ಯಾಬ್ ಹತ್ತಿರುತ್ತಿದ್ದ. ಫೋಟೋದಲ್ಲಿ ಬರಲು ಕೂದಲು ಬಾಚಿಕೊಂಡು.

ರೇಣವ್ವ ಇದ್ದಳು. ನಾನು ಫೋಟೋಕ್ಕೆ ಹೋದಾಗಲೆಲ್ಲ ಆಕೆಯನ್ನೂ ನೋಡಿ ಬರುತ್ತಿದ್ದೆ. ಸೊಳ್ಳೆಪರದೆ ಕೊಟ್ಟಿದ್ದೆವು. ಎಂಟನೆಯ ತಿಂಗಳಲ್ಲಿ, ಅಂದುಕೊಂಡ ಹಾಗೆಯೇ, ಅಡಗಿದ್ದ ಜ್ವರ ಮತ್ತೆ ಎದ್ದಿತು. ಈ ಸಲ ಕೌದಿ ಹೊದ್ದು ಕೂರಲಿಲ್ಲ. ಮೊದಲ ನಡುಕಕ್ಕೇ ಯಮನಪ್ಪ ರಸ್ತೆಯ ಬದಿಯ ಬೂತಿನಿಂದ ನಮ್ಮ ಆಫೀಸಿಗೆ ಫೋನ್ ಮಾಡಿದ: "ಅಕ್ಕಾರ, ಬಂತ್ರಿ ಅದು. ಈಗ ಬಂತು." ವಿಠಲನೇ ರಿಕ್ಷಾ ಮಾಡಿಸಿ ಉಡುಪಿಯ ಆಸ್ಪತ್ರೆಗೆ ಕರೆತಂದ. ಜ್ವರ ಇಳಿಯುವ ತನಕ ನಾನು ದಿನಾ ಹೋದೆ. ಡಾಕ್ಟರ್ ಒಂದು ಬೆಳಿಗ್ಗೆ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ನನಗೂ ಕೇಳಿಸಿದರು. ಓಡುವ ಕುದುರೆಯ ಹಾಗೆ ಮಗುವಿನ ಎದೆಬಡಿತ. ಕಾನ್ವೆಂಟ್ ಬಿಟ್ಟ ಮೇಲೆ ಅಷ್ಟು ಶ್ರದ್ಧೆಯಿಂದ ಪ್ರಾರ್ಥಿಸಿದ್ದು ಆಗಲೇ ಇರಬೇಕು.

ದಿನ ತುಂಬಿ ಹೆರಿಗೆಯಾಯಿತು. ತಾಯಿಯ ರಕ್ತದಲ್ಲಿ ಏನೂ ಇಲ್ಲ, ಮಗುವಿನ ರಕ್ತದಲ್ಲೂ ಏನೂ ಇಲ್ಲ. ಲ್ಯಾಬಿನವರು ಹೇಳಿದಾಗ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಯಮನಪ್ಪ ಹತ್ತಿರ ಬಂದು, "ಅಕ್ಕಾರ, ನಿಮಗ ಆರಾಮ ಐತಿಲ್ಲೋ?" ಎಂದು ಕೇಳಿದ. ನನಗೆ ಅಷ್ಟು ಆರಾಮ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಆ ವಾರ ಆಸ್ಪತ್ರೆಯ ಓಡಾಟದಲ್ಲಿ ಫೋಟೋ ತಪ್ಪಿಹೋಯಿತು. ಆಫೀಸಿಗೆ ಬಂದು ಕುಳಿತಿದ್ದೇ ತಡ, ಫೋನ್ ಬಂತು. ಸುಧಾಕರ. ಫೋಟೋ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಜೋಡಿಸಿಕೊಳ್ಳುತ್ತ ರಿಸೀವರ್ ಎತ್ತಿದೆ.

"ಮೇಡಂ, ಅವಳಿಗೆ ಎಂತ ಆಯಿತು? ವಿಠಲ ಫೋನ್ ಎತ್ತುವುದಿಲ್ಲ."

"ಹೆಣ್ಣು ಮಗು," ಎಂದೆ. "ಇಬ್ಬರಿಗೂ ಜ್ವರ ಇಲ್ಲ."

ಅವರು ಫೋನನ್ನು ಬಾಯಿಂದ ಆಚೆ ಹಿಡಿದು, "ಪೊಣ್ಣು ಬಾಲೆ!" ಎಂದು ತುಳುವಿನಲ್ಲಿ ಕೂಗಿದ್ದು ಕೇಳಿಸಿತು. ಅದರ ಹಿಂದೆಯೇ ಒಂದು ರೂಮು ತುಂಬ ಗಂಡಸರು ಹೋ ಎಂದು ಅರಚಿ, ತಟ್ಟೆಯೋ ಮೇಜೋ ಬಡಿದ ಸದ್ದು. ಶಾಲಿನಿಗೂ ಕೇಳಲೆಂದು ರಿಸೀವರನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದೆ. ಆ ಗದ್ದಲದಲ್ಲೇ ಲೈನ್ ಕಟ್ಟಾಯಿತು. ಸ್ಲ್ಯಾಬಿನ ವಿಷಯವನ್ನು ಅವರು ಕೇಳಲೇ ಇಲ್ಲ.